ಪೂಲು ದಾಟಿದರೆ ಮೂಕ

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿ ಮಾಂತಪ್ಪಣ್ಣನ ಪಕ್ಕ ಕೂತವರಿಗೆಲ್ಲ ಒಂದು ಅನುಭವ ತಪ್ಪದೆ ಆಗುತ್ತಿತ್ತು. ಡ್ರೈವರ್ ಸೀಟು ಹತ್ತುವ ಮೊದಲೇ ಅವನು ಮಾತು ಶುರು ಮಾಡಿರುತ್ತಿದ್ದ. ಬಸ್ಸು ಪೇಟೆ ದಾಟಿ ಊರ ಹೊರಗಿನ ಹಳ್ಳದ ಪೂಲಿಗೆ, ಅಂದರೆ ಸೇತುವೆಗೆ, ಬಂದ ಕೂಡಲೇ ಬಾಯಿ ಮುಚ್ಚುತ್ತಿದ್ದ. ಹೇಳುತ್ತಿದ್ದ ವಾಕ್ಯ ಮುಗಿದಿರಲಿ, ಬಿಡಲಿ, ಪೂಲು ಬಂತೆಂದರೆ ಮುಗಿಯಿತು.

ಒಮ್ಮೆ ನಾನು ಜೊತೆಗಿದ್ದಾಗ ಹೀಗಾಯಿತು. "ನಮ್ಮ ನಾಟಕ ಕಂಪನಿ ಮಾಲಕರು ಸಿಂಹಾಸನದ ಮ್ಯಾಲ ಕುಂತ್ರು ನೋಡ್ರಿ ಸರ್ರ, ಕುಂತ ಕೂಡ್ಲೆ ಅದರ ಹಿಂದಿನ ಕಾಲು..." ಎಂದ. ಪೂಲು ಬಂತು. ಮಾತು ನಿಂತಿತು. ನಾವು ಹುನಗುಂದಕ್ಕೆ ಹೋದೆವು, ನನ್ನ ಕೋರ್ಟಿನ ಕೆಲಸ ಮುಗಿಸಿದೆವು, ಖಾನಾವಳಿಯಲ್ಲಿ ರೊಟ್ಟಿ ತಿಂದೆವು. ಅಷ್ಟು ಹೊತ್ತೂ ಅವನು ನೀರು ಬೇಕಾದರೆ ಹೆಬ್ಬೆರಳು ತೋರಿಸಿದ, ಪಲ್ಯ ಬೇಕಾದರೆ ಹುಬ್ಬು ಹಾರಿಸಿದ. ಸಂಜೆ ಐದರ ಬಸ್ಸಿಗೆ ವಾಪಸು ಹೊರಟೆವು. ಪೂಲು ದಾಟಿತು.

"ಮುರೀತು," ಎಂದ ಮಾಂತಪ್ಪಣ್ಣ.

ಪೂಲಿನ ಈಚೆ ಇಳಕಲ್ಲಿನಲ್ಲಿ ಅವನಷ್ಟು ಮಾತಾಡುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಪೂಲಿನ ಆಚೆ ಅವನು ಮೂಕ ಮಾಂತಪ್ಪ. ನಾಟಕದ ಕಂಪನಿಯಲ್ಲಿ ಹೆಸರು ಮಾಡಿದ, ಏಳು ಸಿನಿಮಾಗಳಲ್ಲಿ ಒಮ್ಮೆಯೂ ತನ್ನ ದನಿ ಕೇಳಿಸದೆ ಜನರನ್ನು ನಗಿಸಿದ ಹಾಸ್ಯ ನಟ. ಹೊರಗಿನ ಮಂದಿ ಅವನನ್ನು ನಿಜವಾಗಿಯೂ ಮೂಕನೆಂದೇ ನಂಬಿದ್ದರು. ನಮ್ಮೂರಿನವರು ಆ ಗುಟ್ಟನ್ನು ಯಾರೂ ಹೇಳಿಕೊಡದೆಯೇ ಕಾಯ್ದುಕೊಂಡು ಬಂದರು. ಅವನನ್ನು ನೋಡಲು ಪರ ಊರಿನಿಂದ ಯಾರಾದರೂ ಬಂದರೆ ಓಣಿಯ ಹೆಂಗಸರು ಮೊದಲೇ ಕೂಗಿ ಹೇಳುತ್ತಿದ್ದರು, "ಮಾಂತಪ್ಪಣ್ಣಾ, ಬಾಯಿ ಮುಚ್ಚು, ಮಂದಿ ಬಂದಾರ!"

ಅವನು ಮೂಕನಾದದ್ದು ಒಂದು ಶಿಕ್ಷೆಯಿಂದ. ನೇಕಾರರ ಮನೆಯ ಹುಡುಗ. ಮಗ್ಗದ ಸದ್ದಿನ ಮೇಲೆ ಕೇಳಿಸುವಂತೆ ಮಾತಾಡಿ ಮಾತಾಡಿ ಅವನ ಗಂಟಲು ಚಿಕ್ಕಂದಿನಲ್ಲೇ ಬಲಿತಿತ್ತು. ಊರಿಗೆ ಬಂದ ನಾಟಕ ಕಂಪನಿಯ ಬೆನ್ನು ಹತ್ತಿ ಹೋಗಿ ಮೊದಲು ಪರದೆ ಎಳೆಯುವ ಕೆಲಸಕ್ಕೆ ನಿಂತ. ಎರಡು ವರ್ಷಕ್ಕೆ ದೂತನ ಪಾತ್ರ ಸಿಕ್ಕಿತು. ಓಡಿ ಬಂದು, "ಮಹಾರಾಜರೇ, ಶತ್ರುಗಳು ಕೋಟೆಯನ್ನು ಮುತ್ತಿದ್ದಾರೆ" ಎಂದು ಹೇಳಿ ಓಡಿ ಹೋಗಬೇಕು. ಅಷ್ಟೇ.

ಮಾಂತಪ್ಪಣ್ಣ ಓಡಿ ಬಂದ, ಹೇಳಿದ. ಆದರೆ ಓಡಿ ಹೋಗಲಿಲ್ಲ. ಶತ್ರುಗಳು ಯಾವ ಅಗಸಿಯ ಬಾಗಿಲಿನಿಂದ ಬಂದರು, ಯಾರ ಹೊಲ ತುಳಿದರು, ಅವರ ದಂಡನಾಯಕ ಯಾವ ಊರಿನ ಅಳಿಯ, ಅವನ ಕುದುರೆ ಎಡಗಾಲು ಯಾಕೆ ಕುಂಟುತ್ತದೆ ಎಂದು ಒಂದೊಂದಾಗಿ ಬಿಡಿಸಿ ಹೇಳತೊಡಗಿದ. ಜನ ಬಿದ್ದು ಬಿದ್ದು ನಕ್ಕರು. ಮಹಾರಾಜನ ಪಾತ್ರದಲ್ಲಿದ್ದ ಕಂಪನಿಯ ಮಾಲಕರು ಅರ್ಧ ಹಿರಿದ ಕತ್ತಿಯನ್ನು ಹಿಡಿದುಕೊಂಡು ಹತ್ತು ನಿಮಿಷ ನಿಂತರು. ಪರದೆ ಬಿದ್ದ ಮೇಲೆ ಅವರು ಅಂದರಂತೆ:

"ಲೇ ಮಾಂತ್ಯಾ, ನಾಳಿಂದ ಸ್ಟೇಜಿನ ಮ್ಯಾಲ ನಿನ್ನ ಬಾಯಿ ತೆರೀತಂದ್ರ, ನಿನ್ನ ಟ್ರಂಕು ಬೀದ್ಯಾಗ."

ಮರುದಿನ ಅದೇ ನಾಟಕ, ಅದೇ ದೂತ. ಶತ್ರುಗಳು ಬಂದ ಸುದ್ದಿ ಹೇಳಲೇಬೇಕು, ಬಾಯಿ ತೆರೆಯುವಂತಿಲ್ಲ. ಮಾಂತಪ್ಪಣ್ಣ ಓಡಿ ಬಂದ. ಕೋಟೆ ತೋರಿಸಿದ, ಕುದುರೆ ತೋರಿಸಿದ, ಕುದುರೆಯ ಎಡಗಾಲು ತೋರಿಸಲು ಹೋಗಿ ಆ ಕಾಲು ಜಾರಿ ಮಹಾರಾಜರ ಮಡಿಲಲ್ಲಿ ಬಿದ್ದ. ಜನ "ಒನ್ಸ್ ಮೋರ್" ಎಂದು ಕೂಗಿದರು. ಶತ್ರುಗಳು ಅಂದು ಮೂರು ಸಲ ಕೋಟೆ ಮುತ್ತಿದರು. ಮುಂದಿನ ಊರಿನ ಕ್ಯಾಂಪಿನಿಂದ ಬೋರ್ಡಿನ ಮೇಲೆ "ಮೂಕ ಮಾಂತಪ್ಪ" ಎಂಬ ಹೆಸರು ಬಂತು.

"ಶಿಕ್ಷಾ ಅಂತ ಕೊಟ್ಟದ್ದು ಉದ್ಯೋಗ ಆತ್ರಿ ಸರ್ರ," ಎನ್ನುತ್ತಿದ್ದ.

ನನಗೆ ಅವನ ಪರಿಚಯವಾದದ್ದು ಮರಳಿನ ಗುಂಡಿಯಲ್ಲಿ. ನಾನು ಆಗ ಇಳಕಲ್ಲಿನ ಹೈಸ್ಕೂಲಿಗೆ ಪಿ.ಟಿ. ಮಾಸ್ತರನಾಗಿ ಹೊಸದಾಗಿ ಸೇರಿದ್ದೆ. ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಬಂದು ನೋಡಿದರೆ ಉದ್ದ ಜಿಗಿತದ ಗುಂಡಿಯಲ್ಲಿ ಒಬ್ಬ ತೆಳ್ಳಗಿನ ಮನುಷ್ಯ ಅಂಗಾತ ಬಿದ್ದಿದ್ದಾನೆ. ಹೆಣವೆಂದೇ ತಿಳಿದೆ. ಏನು ಮಾಡಬೇಕೆಂದು ತೋಚದೆ ಸೀಟಿ ಊದಿದೆ. ಹೆಣ ಎದ್ದು ನಿಂತು ಸಲ್ಯೂಟ್ ಹೊಡೆದು ಮತ್ತೆ ಹಾಗೆಯೇ ಬಿತ್ತು.

"ಯಾರಪಾ ನೀ? ಏನ್ ಮಾಡಾಕತ್ತಿ?"

"ಬೀಳಾಕತ್ತೇನ್ರಿ ಸರ್ರ. ಮಳಿಗಾಲ, ಕಂಪನಿ ಬಂದ್ ಐತಿ. ಅಭ್ಯಾಸ ತಪ್ಪಬಾರದು."

"ಮನ್ಯಾಗ ಬೀಳಬಾರದೇನು?"

"ಮನ್ಯಾಗ ಮಗ್ಗ ಐತ್ರಿ. ಮಗ್ಗದ ಮ್ಯಾಲ ಬಿದ್ರ ನಮ್ಮವ್ವ ಸೀರಿ ನನ್ನ ತಲಿಗೆ ಸುತ್ತತಾಳ."

ನಾನು ಷರತ್ತು ಹಾಕಿದೆ. ಐದೂವರೆಯಿಂದ ಆರರವರೆಗೆ ಬೀಳಬಹುದು. ಆರಕ್ಕೆ ಎದ್ದು ಗುಂಡಿಯ ಮರಳನ್ನು ಮೊದಲಿನಂತೆ ಸಮ ಮಾಡಬೇಕು. ಒಂದು ನಿಮಿಷ ತಡವಾದರೆ ಮರುದಿನದಿಂದ ಪ್ರವೇಶವಿಲ್ಲ. ಅವನು ಒಪ್ಪಿದ. ನನ್ನ ನೌಕರಿಯಲ್ಲಿ ಶಿಸ್ತಿನ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ, ರಾಜ್ಯಮಟ್ಟಕ್ಕೆ ಕಳಿಸಿದ್ದೇನೆ. ಮಾಂತಪ್ಪಣ್ಣನಷ್ಟು ಶಿಸ್ತಿನವನು ಸಿಗಲಿಲ್ಲ. ಊರಿನಲ್ಲಿದ್ದಾಗ ಒಂದು ದಿನವೂ ಅವನು ತಡ ಮಾಡಲಿಲ್ಲ. ಆರು ಗಂಟೆಗೆ ಅಲ್ಲಿ ಒಬ್ಬ ಮನುಷ್ಯ ಅರ್ಧ ತಾಸು ಬಿದ್ದಿದ್ದಾನೆ ಎಂಬುದಕ್ಕೆ ಮರಳಿನಲ್ಲಿ ಒಂದು ಗುರುತೂ ಉಳಿದಿರುತ್ತಿರಲಿಲ್ಲ.

ಬೀಳುವುದರಲ್ಲಿ ಅವನಿಗೆ ಜಾತಿಗಳಿದ್ದವು, ಒಂದೊಂದಕ್ಕೆ ಹೆಸರಿತ್ತು. ಸಾವಕಾರ ಬೀಳುವುದು ಬೇರೆ: ಅವನು ಮೊದಲು ಟೊಪ್ಪಿಗೆ ಹಿಡಿದುಕೊಳ್ಳುತ್ತಾನೆ, ಆಮೇಲೆ ಬೀಳುತ್ತಾನೆ. ಕುಡುಕ ಬೀಳುವುದು ಬೇರೆ: ಅವನು ಬೀಳುವುದೇ ಇಲ್ಲ, ನೆಲವೇ ಎದ್ದು ಬರುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ಬೀಗರ ಬೀಳು. ಹೊಸ ಅಳಿಯ ಬೀಗರ ಮನೆಯ ಪಡಸಾಲೆಯಲ್ಲಿ ಜಾರುತ್ತಾನೆ. ಬಿದ್ದರೆ ಮಾನ ಹೋಗುತ್ತದೆ. ಅದಕ್ಕೆ ಅರ್ಧ ಜಾರಿದವನು ಗೋಡೆ ನೋಡಲು ಬಗ್ಗಿದವನಂತೆ, ಕಂಬದ ಗಟ್ಟಿತನ ಪರೀಕ್ಷೆ ಮಾಡಿದವನಂತೆ, ಮಾವನ ಕಾಲಿಗೆ ಬಿದ್ದವನಂತೆ ನಟಿಸುತ್ತ ನಟಿಸುತ್ತ ಎರಡು ನಿಮಿಷ ಬೀಳದೆ ಉಳಿಯುತ್ತಾನೆ. ಅದನ್ನು ಮಾಡುವಾಗ ಮಾಂತಪ್ಪಣ್ಣನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ನಾನು ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನಗು ತಡೆಯುತ್ತಿದ್ದೆ. ಮಾಸ್ತರ ನಕ್ಕರೆ ಮೈದಾನ ಕೆಡುತ್ತದೆ.

ಬಾದಾಮಿಗೆ ಸಿನಿಮಾದವರು ಬಂದಿದ್ದಾರೆ, ಬೀಳುವವರು ಬೇಕಾಗಿದ್ದಾರೆ ಎಂದು ಸುದ್ದಿ ಬಂದದ್ದು ಒಂದು ಶನಿವಾರ. ಭಾನುವಾರ ನಾವಿಬ್ಬರೂ ಹೋದೆವು. ಹೊಂಡದ ಮೆಟ್ಟಿಲ ಮೇಲಿಂದ ನೀರಿನ ತನಕ ತಲೆಯ ಮೇಲೆ ಕೊಡ ಹೊತ್ತುಕೊಂಡು ಉರುಳಬೇಕಿತ್ತು. ಅದಕ್ಕೆಂದು ಕರೆತಂದ ಮನುಷ್ಯ ಆ ಕಲ್ಲಿನ ಮೆಟ್ಟಿಲು ನೋಡಿ ತನಗೆ ಜ್ವರ ಬಂದಿದೆ ಎಂದು ಹೇಳಿ ವ್ಯಾನಿನಲ್ಲಿ ಮಲಗಿದ್ದ. ಮಾಂತಪ್ಪಣ್ಣ ಕೊಡ ಹೊತ್ತ. ಉರುಳಿದ. ಕೊಡಕ್ಕೆ ಏನೂ ಆಗಲಿಲ್ಲ. ಆದರೆ ಕೆಳಗಿನ ಮೆಟ್ಟಿಲಲ್ಲಿ ಅರಿವೆ ಒಗೆಯುತ್ತಿದ್ದ ಒಬ್ಬ ಅಜ್ಜಿಯ ತೊಳೆದ ಸೀರೆಯ ಮೇಲೆ ಹೋಗಿ ನಿಂತ.

"ಯಾವ ಊರಾಂವಲೇ ನೀ? ಕಣ್ಣ ಇಲ್ಲೇನ? ಈಗರ ಒಗದಿದ್ನೆಲ್ಲಾ!" ಎಂದು ಅಜ್ಜಿ ನೆನೆದ ಪಂಚೆಯಿಂದಲೇ ಬಾರಿಸಿದಳು. ಮಾಂತಪ್ಪಣ್ಣ ಕೊಡವನ್ನು ತಲೆಯಿಂದ ಇಳಿಸದೆ, ಮುಖ ಬದಲಿಸದೆ, ಆ ಪಂಚೆಯನ್ನು ಇಸಿದುಕೊಂಡು ತಾನೇ ಒಗೆಯಲು ಕೂತ. ಕ್ಯಾಮೆರಾ ಓಡುತ್ತಲೇ ಇತ್ತು. ನಿರ್ದೇಶಕರು ಅಜ್ಜಿಯನ್ನೂ ಸಿನಿಮಾದಲ್ಲಿ ಇಟ್ಟುಕೊಂಡರು, ಮಾಂತಪ್ಪಣ್ಣನನ್ನು ಮದ್ರಾಸಿಗೆ ಕರೆದುಕೊಂಡು ಹೋದರು.

ಹೋಗುವಾಗ ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ವ್ಯಾನು ನಿಂತಿತಂತೆ. ಅಲ್ಲಿ ಸಿನಿಮಾದ ಮ್ಯಾನೇಜರು ಅವನಿಗೆ ಹೇಳಿದರು: "ನೋಡಿ, ನಿಮ್ಮ ಹೆಸರೇ ಮೂಕ ಮಾಂತಪ್ಪ. ಜನ ನಂಬಬೇಕು. ಇನ್ನು ಮೇಲೆ ಹೊರಗೆ ಎಲ್ಲೂ ಮಾತಾಡಬೇಡಿ."

"ಊರಾಗ್ರಿ?" ಎಂದು ಇವನು ಕೇಳಿದ.

"ಊರಿನಲ್ಲಿ ಬೇಕಾದರೆ ಮಾತಾಡಿಕೊಳ್ಳಿ."

ಊರು ಎಲ್ಲಿಗೆ ಮುಗಿಯುತ್ತದೆ ಎಂದು ಮ್ಯಾನೇಜರು ಹೇಳಲಿಲ್ಲ. ಪೂಲಿಗೆ ಎಂದು ಇವನೇ ಗೊತ್ತು ಮಾಡಿಕೊಂಡ. ಆ ಮ್ಯಾನೇಜರು ತೀರಿಕೊಂಡು ಎಷ್ಟೋ ಕಾಲವಾದ ಮೇಲೂ ಇವನು ಅದನ್ನು ಮೀರಲಿಲ್ಲ. "ಮಾತು ಕೊಟ್ಟೇನಿ ಸರ್ರ," ಎನ್ನುತ್ತಿದ್ದ. ಮಾತಾಡುವುದಿಲ್ಲ ಎಂದು ಮಾತು ಕೊಟ್ಟವನು.

ಅವನ ಮದುವೆಯೂ ಈ ಖ್ಯಾತಿಯಿಂದಲೇ ಆಯಿತು. ಗೌರವ್ವನ ಊರು ಬಾದಾಮಿಯ ಕಡೆಯ ಒಂದು ಹಳ್ಳಿ. ಆಕೆಯ ಅಪ್ಪ ಬಾಯಿಬಡುಕ ಗಂಡಸರನ್ನು ಕಂಡರೆ ಆಗದವರು. ಸಿನಿಮಾ ನೋಡಿ, ಮೂಕನಾದರೇನು, ದುಡಿಯುತ್ತಾನೆ, ನನ್ನ ಮಗಳಿಗೆ ಎದುರು ಮಾತಾಡುವುದಿಲ್ಲ ಎಂದು ತಾವೇ ಬಂದು ಮಾತುಕತೆ ಮಾಡಿದರು. ಹುಡುಗಿಯ ಊರು ಪೂಲಿನ ಆಚೆಗೆ ಇದ್ದುದರಿಂದ ಮದುವೆಯ ಅಕ್ಕಿಕಾಳು ತಲೆಯ ಮೇಲೆ ಬೀಳುವ ತನಕ ಮಾಂತಪ್ಪಣ್ಣ ಬಾಯಿ ಬಿಡಲಿಲ್ಲ. ದಿಬ್ಬಣದ ಲಾರಿ ಪೂಲು ದಾಟಿದ್ದೇ ತಡ, "ನಿನ್ನ ಹೆಸರು ಭಾಳ ಛಲೋ ಐತಿ ನೋಡು" ಎಂದು ಶುರು ಮಾಡಿದ. ಮದುಮಗಳು ಕಿರುಚಿದ ಸದ್ದಿಗೆ ಡ್ರೈವರ್ ಲಾರಿ ನಿಲ್ಲಿಸಿದ. "ಮೂಕ ಅಂತ ಹೇಳಿ ಕೊಟ್ರು, ಮನಿಗೆ ಬಂದು ನೋಡಿದ್ರ ರೇಡಿಯೋ," ಎಂದು ಗೌರವ್ವ ನಮ್ಮ ಮನೆಯಾಕೆಯ ಮುಂದೆ ಎಷ್ಟು ಸಲ ಹೇಳಿದ್ದಾಳೋ.

ಏಳನೆಯ ಸಿನಿಮಾಕ್ಕೆ ಹೊಸ ನಿರ್ದೇಶಕರು ಬಂದರು. ಮೂಕ ಒಮ್ಮೆ ಮಾತಾಡಿದರೆ ಜನ ಬೆಚ್ಚುತ್ತಾರೆ ಎಂದು ಅವರ ಎಣಿಕೆ. ಒಂದೇ ಒಂದು ಮಾತು ಕೊಟ್ಟರು: "ಸಾಹೇಬರು ಮನೆಯಲ್ಲಿಲ್ಲ." ಸಿನಿಮಾದವರೇ ಕೇಳಿದ್ದರಿಂದ ಕೊಟ್ಟ ಮಾತು ಮುರಿದಂತಾಗುವುದಿಲ್ಲ ಎಂದು ಮಾಂತಪ್ಪಣ್ಣ ಹಿಗ್ಗಿದ. ಕಂಪನಿಯ ಕಾಲದಿಂದ ಬಂದ್ ಆಗಿದ್ದ ಬಾಯಿ. ಕ್ಯಾಮೆರಾದ ಮುಂದೆ ನಿಂತು, ತನ್ನ ಗಟ್ಟಿ ದನಿಯಲ್ಲಿ ಹೇಳಿ, ಎಲ್ಲರ ಕಡೆಯಿಂದ ಶಹಬ್ಬಾಸ್ ಅನ್ನಿಸಿಕೊಂಡು ಬಂದ. ಊರಿಗೆಲ್ಲ ಹೇಳಿದ.

ಆ ಸಿನಿಮಾ ನೋಡಲು ನಾನು, ಅವನು, ಗೌರವ್ವ ಬಾಗಲಕೋಟೆಗೆ ಹೋದೆವು. ಆ ಟಾಕೀಸಿದ್ದ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಪರದೆಯ ಮೇಲೆ ಮಾಂತಪ್ಪಣ್ಣ ಬಾಗಿಲು ತೆರೆದ. ಬಾಯಿ ತೆರೆದ. ಒಳಗಿನಿಂದ ಬೇರೆ ಯಾರದೋ ದನಿ ಬಂತು. ಮೈಸೂರು ಕಡೆಯ, ಬೆಣ್ಣೆ ಸವರಿದಂಥ, ತೆಳ್ಳಗಿನ ದನಿ. ಮದ್ರಾಸಿನಲ್ಲಿ ಇವನ ದನಿ ತೆಗೆದು ಅದನ್ನು ಕೂಡಿಸಿದ್ದರು. ಜನ ನಕ್ಕರು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ಮಾಂತಪ್ಪಣ್ಣ ಪರದೆಯನ್ನೇ ನೋಡುತ್ತ ತನ್ನ ಗಂಟಲು ಮುಟ್ಟಿಕೊಳ್ಳುತ್ತಿದ್ದ.

ಎರಡು ದಿನ ಊಟ ಬಿಟ್ಟ. "ಬಿದ್ದದ್ದಕ್ಕ ನಗಲಿ ಸರ್ರ. ನನ್ನ ಬಾಯಾಗ ಇನ್ನೊಬ್ಬಂದು ದನಿ ಇಟ್ರಲ್ಲ," ಎಂದ. ಮದ್ರಾಸಿಗೆ ಮತ್ತೆ ಹೋಗಲಿಲ್ಲ. ಮಗ್ಗದ ಮುಂದೆ ಕೂತ. ಬೆಳಿಗ್ಗೆ ಐದೂವರೆಗೆ ಮರಳಿನ ಗುಂಡಿ ಮಾತ್ರ ಬಿಡಲಿಲ್ಲ.

ಅದೇ ವಾರ ಅವನು ಒಂದು ಭಾಷಣ ಬರೆಯಲು ಶುರು ಮಾಡಿದ. ಎಂದಾದರೂ ಒಂದು ದಿನ ಪೂಲಿನ ಆಚೆ, ತುಂಬಿದ ಸಭೆಯಲ್ಲಿ, ಯಾರಾದರೂ ಕರೆದು ಮೈಕು ಕೊಟ್ಟರೆ, ಕೊಟ್ಟ ಮಾತು ಅಷ್ಟರ ಮಟ್ಟಿಗೆ ಮುರಿದು ತನ್ನ ಸ್ವಂತ ದನಿಯಲ್ಲಿ ಓದಬೇಕು ಎಂದು. ಅದರ ಮೊದಲ ಸಾಲು ಹೀಗಿತ್ತು: "ನಮಸ್ಕಾರ. ನನಗ ಮಾತು ಬರ್ತಾವು." ಉಳಿದದ್ದನ್ನು ಅವನು ನಲವತ್ತು ವರ್ಷ ತಿದ್ದಿದ. ಮಗ್ಗ ನೇಯುತ್ತ ಓದಿದ, ಸ್ನಾನ ಮಾಡುತ್ತ ಓದಿದ. ಗೌರವ್ವ ರೊಟ್ಟಿ ಬಡಿಯುತ್ತ, "ಅಲ್ಲೆ ಕೆಮ್ಮು ಬರ್ತೈತಿ, ಕೆಮ್ಮರಿ" ಎಂದು ನೆನಪು ಮಾಡುತ್ತಿದ್ದಳು.

ಮೂಕತನದಿಂದ ಅವನಿಗೆ ಉಪಯೋಗವೂ ಆಗಿದೆ. ಒಮ್ಮೆ ಹುನಗುಂದದ ಒಂದು ಕಚೇರಿಗೆ ರೇಷನ್ ಕಾರ್ಡಿನಲ್ಲಿ ಹೆಂಡತಿಯ ಹೆಸರು ಸೇರಿಸಲು ಹೋಗಿದ್ದ. ಅಲ್ಲಿಯ ಗುಮಾಸ್ತ ಅವನ ಅಭಿಮಾನಿ. "ಏ, ಮೂಕ ಮಾಂತಪ್ಪನವರು ಬಂದಾರ ಬರ್ರೆಪಾ" ಎಂದು ಎಲ್ಲರನ್ನೂ ಕರೆದ. ಇವನು ಹೆಂಡತಿ ಎಂಬುದನ್ನು ಕೈಯಲ್ಲಿ ಹೇಳಬೇಕು. ಸೆರಗು ತೋರಿಸಿದ. "ಸೀರಿ ಅಂಗಡಿ ಲೈಸೆನ್ಸೇನ್ರಿ?" ರೊಟ್ಟಿ ಬಡಿದು ತೋರಿಸಿದ. "ಖಾನಾವಳಿ ಇಡ್ತೀರೇನು?" ಕಡೆಗೆ ಕಿವಿ ಹಿಡಿದುಕೊಂಡು ಮಂಡಿಯೂರಿ ತಲೆ ತಗ್ಗಿಸಿ ಕೂತ. "ಹಾಂ! ಮನಿಯವ್ರು!" ಎಂದು ಇಡೀ ಕಚೇರಿ ಒಂದೇ ದನಿಯಲ್ಲಿ ಕೂಗಿತು. ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಬಂದ.

ಎಂಬತ್ತರ ಹತ್ತಿರ ಬಂದಾಗ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡ. ದವಾಖಾನೆಯಲ್ಲಿ ನೋಡಲು ಹೋದರೆ ನನಗೆ ಅವನು ಹೇಳಿದ್ದು ಇಷ್ಟು: "ಜೀವನದಾಗ ಒಂದ ಸಲ ಖರೇ ಬಿದ್ನಿ ಸರ್ರ. ಒಬ್ಬರೂ ನೋಡ್ಲಿಲ್ಲ." ಡಾಕ್ಟರು ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲ, ಬೀಳಗೊಡಬೇಡಿ ಎಂದು ಗೌರವ್ವನಿಂದ ಆಣೆ ಹಾಕಿಸಿಕೊಂಡರು.

ಈಗ ಎರಡು ವರ್ಷದ ಕೆಳಗೆ ಬಾದಾಮಿಯ ಹೊಂಡದ ಆ ದೃಶ್ಯ ಮಂದಿಯ ಮೊಬೈಲಿನಲ್ಲಿ ಓಡಾಡತೊಡಗಿತು. ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನವರು ಅದನ್ನು ನೋಡಿ, ಹಳೆಯ ಹಾಸ್ಯ ನಟರಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ, ಮಾಂತಪ್ಪನವರನ್ನು ಕರೆತನ್ನಿ ಎಂದು ನನಗೆ ಪತ್ರ ಬರೆದರು. ಕಾರ್ಯಕ್ರಮದ ಪಟ್ಟಿಯಲ್ಲಿ ಸನ್ಮಾನವಿತ್ತು. ಅವನ ಮಾತಿಗೆ ಸಮಯವಿರಲಿಲ್ಲ.

ನಾನು ಫೋನು ಮಾಡಿ, "ಸನ್ಮಾನದ ನಂತರ ಮಾಂತಪ್ಪನವರಿಗೆ ಹನ್ನೆರಡು ನಿಮಿಷ ಇಡಿ" ಎಂದೆ.

"ಸರ್, ಅವರು ಮಾತಾಡುವುದಿಲ್ಲವಲ್ಲ?" ಎಂದರು ಸಂಘಟಕರು.

"ಹನ್ನೆರಡು ನಿಮಿಷ ಇಡಿ," ಎಂದು ಫೋನು ಇಟ್ಟೆ. ಹೇಳಿದ್ದನ್ನು ವಿವರಿಸುವ ರೂಢಿ ನನಗೆ ಮೈದಾನದಲ್ಲೂ ಇರಲಿಲ್ಲ. ಆ ಒಂದು ರೂಢಿಯಿಂದ ಮುಂದಿನದೆಲ್ಲ ಆಯಿತು.

ಹನ್ನೆರಡು ನಿಮಿಷ ನಾವು ಅಳೆದು ಇಟ್ಟದ್ದು. ಒಂದು ವಾರ ದಿನಾ ಸಂಜೆ ಅವನ ಮನೆಯಲ್ಲಿ ನಾನು ಸ್ಟಾಪ್‌ವಾಚು ಹಿಡಿದು ಕೂತೆ. ಮೊದಲ ದಿನ ಒಂದು ತಾಸು ಹತ್ತು ನಿಮಿಷವಾಯಿತು. ಕುದುರೆಯ ಎಡಗಾಲು ತೆಗೆಸಿದೆ. ಮಾಲಕರ ಸಿಂಹಾಸನ ತೆಗೆಸಿದೆ. "ಸರ್ರ, ನನ್ನ ಕೈಕಾಲೆಲ್ಲ ಕತ್ತರಸಾಕತ್ತೀರಿ," ಎಂದು ಗೋಗರೆದ. ಏಳನೆಯ ದಿನ ಹನ್ನೆರಡಕ್ಕೆ ಬಂತು.

ಸನ್ಮಾನದ ದಿನ ಗೌರವ್ವನನ್ನೂ ಕರೆದುಕೊಂಡು ಕಾರಿನಲ್ಲಿ ಹೊರಟೆವು; ಪೂಲು ದಾಟಿದ ಮೇಲೆ ರೂಢಿಯಂತೆ ಅವನು ಬಾಯಿ ಮುಚ್ಚಿದ. ಆದರೆ ತುಟಿಗಳು ಬಾಗಲಕೋಟೆಯ ತನಕ ಅಲುಗುತ್ತಲೇ ಇದ್ದವು. ಸಭಾಂಗಣ ತುಂಬಿತ್ತು. ಮುಂದಿನ ಎರಡು ಸಾಲುಗಳಲ್ಲಿ ಸಮವಸ್ತ್ರದ ಮಕ್ಕಳು ಒಂದಿಷ್ಟೂ ಗದ್ದಲವಿಲ್ಲದೆ ಕೂತಿದ್ದರು. ಎಷ್ಟು ಶಿಸ್ತಿನ ಮಕ್ಕಳು ಎಂದು ನಾನು ಮೆಚ್ಚಿದೆ. ಆಮೇಲೆ ನೋಡಿದರೆ ಅವರ ಕೈಗಳು ಗದ್ದಲ ಮಾಡುತ್ತಿದ್ದವು. ಕಿವುಡ ಮತ್ತು ಮೂಕ ಮಕ್ಕಳ ಶಾಲೆಯಿಂದ ಬಂದವರು.

ಸಂಘಟಕರು ಹೆಮ್ಮೆಯಿಂದ ಮೈಕಿನಲ್ಲಿ ಹೇಳಿದರು: "ಹುಟ್ಟಿನಿಂದ ಮೂಕರಾಗಿದ್ದೂ ಸಾಧನೆ ಮಾಡಿದ ಮಾಂತಪ್ಪನವರು ಈಗ ಹನ್ನೆರಡು ನಿಮಿಷ ತಮ್ಮ ಕೈ ಭಾಷೆಯಲ್ಲಿ ಮಾತಾಡಲಿದ್ದಾರೆ. ಅದಕ್ಕೆಂದೇ ಈ ಮಕ್ಕಳನ್ನು ಕರೆಸಿದ್ದೇವೆ."

ಮಾಂತಪ್ಪಣ್ಣ ವೇದಿಕೆಯ ಮೇಲಿಂದ ನನ್ನನ್ನು ನೋಡಿದ. ನಾನು ಸ್ಟಾಪ್‌ವಾಚು ಎತ್ತಿ ತೋರಿಸಿದೆ. ಅವನು ಜೇಬಿನಿಂದ ಭಾಷಣ ತೆಗೆದ, ಬಿಚ್ಚಿದ, ಮೈಕಿನ ಕಡೆ ಬಗ್ಗಿದ. ಅಷ್ಟರಲ್ಲಿ ಮೈಕು ಕಿವಿ ಹರಿಯುವಂತೆ ಚೀರಿತು. ಸಭೆಯೆಲ್ಲ ಕಿವಿ ಮುಚ್ಚಿಕೊಂಡಿತು. ಮಾಂತಪ್ಪಣ್ಣನೂ ಮುಖ ಕಿವುಚಿ ಎರಡೂ ಕಿವಿ ಮುಚ್ಚಿಕೊಂಡ. ಮುಂದಿನ ಎರಡು ಸಾಲುಗಳು ಮಾತ್ರ ಕದಲಲಿಲ್ಲ.

ಮೊದಲ ಸಾಲಿನಲ್ಲಿ ಎರಡು ಜಡೆಯ, ಹತ್ತು ವರ್ಷದ ಒಬ್ಬ ಹುಡುಗಿ ಇದ್ದಳು. ಇವನೂ ತನ್ನಂತೆ ಕಿವುಡನೆಂದು ನಂಬಿದ್ದ ಆಕೆ ಇವನನ್ನೇ ನೋಡುತ್ತಿದ್ದಳು. ಅವನ ಕಡೆ ಬೆರಳು ಮಾಡಿದಳು. ತನ್ನ ಕಿವಿ ಮುಟ್ಟಿಕೊಂಡಳು. ಕಣ್ಣು ಅಗಲ ಮಾಡಿ, "ನಿನಗೆ ಕೇಳಿಸ್ತು!" ಎಂದು ಬೆರಳು ಅಲ್ಲಾಡಿಸಿದಳು. ಅದು ಯಾರಿಗಾದರೂ ತಿಳಿಯುವಂತಿತ್ತು. ಮಾಂತಪ್ಪಣ್ಣ ಸಿಕ್ಕಿಬಿದ್ದ ಕಳ್ಳನಂತೆ ಕೈ ಕೆಳಗಿಳಿಸಿದ. ಹುಡುಗಿ ಅತ್ತಿತ್ತ ನೋಡಿ, ಬೇರೆ ಯಾರೂ ಗಮನಿಸಿಲ್ಲವೆಂದು ಖಾತ್ರಿ ಮಾಡಿಕೊಂಡು, ತುಟಿಯ ಮೇಲೆ ಬೆರಳಿಟ್ಟಳು. ಹೇಳುವುದಿಲ್ಲ, ನೀನೂ ಸುಮ್ಮನಿರು.

ಅವನು ನಲವತ್ತು ವರ್ಷದ ಕಾಗದವನ್ನು ಒಮ್ಮೆ ನೋಡಿದ. ಅಂಗೈಯಿಂದ ಸವರಿದ. ಮಡಿಚಿ ಜೇಬಿಗೆ ಹಾಕಲು ಹೋದ. ಜೇಬು ಸಿಗಲಿಲ್ಲ. ಸನ್ಮಾನದ ಶಾಲಿನಲ್ಲಿ ಹುಡುಕಿದ, ಹಾರದೊಳಗೆ ಹುಡುಕಿದ, ಅಧ್ಯಕ್ಷರ ಜೇಬಿನಲ್ಲಿ ಹುಡುಕಿದ. ಮಕ್ಕಳು ನಗತೊಡಗಿದಾಗ ನನಗೆ ತಿಳಿಯಿತು, ಆಟ ಶುರುವಾಗಿದೆ. ಹಣ್ಣಿನ ಬುಟ್ಟಿ ಕಾಲಿಗೆ ತೊಡರಿತು. ಎರಡನೆಯ ಸಾಲಿನ ಹಿಂದಿನಿಂದ ಗೌರವ್ವ ಎದ್ದು ನಿಂತು ಕೂಗಿದಳು:

"ಏ, ಬೀಳಬ್ಯಾಡ್ರಿ ಅಂದೇನಿ! ಡಾಕ್ಟರಿಗೆ ಆಣಿ ಮಾಡೇನಿ ನಾ!"

ಅವನು ಬೀಳಲಿಲ್ಲ. ಬೀಗರ ಬೀಳು ತೆಗೆದ. ಹನ್ನೆರಡು ನಿಮಿಷವೂ ಬೀಳುವುದರಲ್ಲೇ ಇದ್ದ. ಮೈಕಿನ ಕಂಬಕ್ಕೆ ನೇತುಬಿದ್ದು ಅದರ ಎತ್ತರ ಅಳೆದ. ಅಧ್ಯಕ್ಷರ ಹೆಗಲು ಹಿಡಿದು ಅವರಿಗೆ ಕುಶಲ ಕೇಳಿದ. ಕುರ್ಚಿ ಜರುಗಿದರೆ ಅದಕ್ಕೆ ನಮಸ್ಕಾರ ಮಾಡಿದ. ಮಕ್ಕಳು ಎರಡೂ ಕೈ ಎತ್ತಿ ಬೆರಳು ಅಲುಗಾಡಿಸಿದರು. ಅದು ಅವರ ಚಪ್ಪಾಳೆ. ಮರದ ಎಲೆ ಅಲುಗಿದಂತೆ ಕಂಡಿತು. ನನ್ನ ಸ್ಟಾಪ್‌ವಾಚು ಹನ್ನೆರಡು ತೋರಿಸಿದಾಗ ಅವನು ಕುರ್ಚಿಯಲ್ಲಿ ಕೂತಿದ್ದ.

ಮುಗಿದ ಮೇಲೆ ಆ ಹುಡುಗಿ ತನ್ನ ಶಿಕ್ಷಕಿಯನ್ನು ಎಳೆದುಕೊಂಡು ಬಂದಳು. ಶಿಕ್ಷಕಿ ನಗುತ್ತ ಹೇಳಿದರು, "ಅಜ್ಜಾರ, ನಿಮಗ ಕೈ ಭಾಷಾ ಏನೂ ಬರೂದಿಲ್ಲಂತ. ಬಾಯಿಗೆ ಬಂದಂಗ ಅಂತಾರಲ್ಲ, ಹಂಗ ಕೈಗೆ ಬಂದಂಗ ಮಾತಾಡ್ತೀರಂತ. ಆದ್ರ ನಗಿ ಬಂತಂತ. ಇನ್ನೊಂದು ಏನೋ ಐತಂತ, ಅದು ಗುಟ್ಟು, ನನಗೂ ಹೇಳಾಕ ಒಲ್ಲಳು." ಮಾಂತಪ್ಪಣ್ಣ ಹುಡುಗಿಯ ಮುಂದೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ವಾಪಸು ಬರುವಾಗ ಪೂಲು ದಾಟಿತು. ಅವನು ಮಾತಾಡಲಿಲ್ಲ. ಪೇಟೆ ಬಂತು, ಓಣಿ ಬಂತು. ಗೌರವ್ವನಿಗೆ ಅಳುಕಾಯಿತು. "ಏನಾತ್ರಿ? ಸೊಂಟ ನೋಯ್ತೈತೇನ? ಮಾತಾಡ್ರಿ ಯಪ್ಪಾ, ನಿಮ್ಮ ಕಾಲ ಬೀಳ್ತೇನಿ," ಎಂದಳು. ಆ ಮನೆಯವರು ಯಾರಾದರೂ ಅವನಿಗೆ ಮಾತಾಡು ಎಂದು ಹೇಳಿದ್ದು ಅದೇ ಮೊದಲು.

ಮನೆಯ ಕಟ್ಟೆಯ ಮೇಲೆ ಕೂತ ಮೇಲೆ ಅವನು ಹೇಳಿದ: "ಆಕಿ ಒಬ್ಬಾಕಿ ಹಿಡದ್ಳು ಸರ್ರ. ಇಷ್ಟ ವರ್ಷದಾಗ ಒಬ್ಬಾಕಿನ. ಬಾಯಿ ಮುಚ್ಚಂದ್ಳು. ಮಾಲಕರು ಅಂದಾಗ ಸಿಟ್ಟು ಬಂದಿತ್ತು, ಮ್ಯಾನೇಜರು ಅಂದಾಗ ಬೇಜಾರಾಗಿತ್ತು. ಈ ಪೋರಿ ಅಂದಾಗ ಯಾಕೋ ಖುಷಿ ಆತು." ಜೇಬಿನಿಂದ ಕಾಗದ ತೆಗೆದು ನನ್ನ ಕೈಯಲ್ಲಿಟ್ಟ. "ಪೂಲಿನಾಚೆ ಆತು, ಇನ್ನ ಇಲ್ಲೆ ಓದೂಣು. ನಮ್ಮ ಊರಾಗ ನನ್ನ ಭಾಷಣಕ್ಕ ಯಾರೂ ಕರದೇ ಇಲ್ಲ ನೋಡ್ರಿ."

ಅದು ನಿಜವಾಗಿತ್ತು. ದಿನಾ ಕಿವಿಗೆ ಬೀಳುವವನನ್ನು ಭಾಷಣಕ್ಕೆ ಯಾರು ಕರೆಯುತ್ತಾರೆ? ನಾನು ಹೈಸ್ಕೂಲಿಗೆ ಹೋಗಿ ದಿನ ಗೊತ್ತು ಮಾಡಿದೆ. ಪರೀಕ್ಷೆ ಮುಗಿಯಲಿ, ಮೈದಾನ ಖಾಲಿ ಇರುತ್ತದೆ ಎಂದು ಒಂದು ತಿಂಗಳು ಮುಂದಕ್ಕೆ ಹಾಕಿಸಿದ್ದು ನಾನೇ. ಆ ತಪ್ಪು ನನ್ನದು.

ನಾನು ಕಡೆಯ ಸಲ ಅವನನ್ನು ಕಂಡದ್ದು ಆ ದಿನಕ್ಕೆ ಐದು ದಿನ ಮೊದಲು. ಸಂಜೆ ಆರಾಗಿತ್ತು. ಆರಕ್ಕೆ ನಾನು ಎದ್ದು ಹೊರಡುವವನು. ಅವನು ಮಾತಿನ ನಡುವೆ ಇದ್ದ: "ಆವತ್ತ ಮಾಲಕರು ನನ್ನ ಟ್ರಂಕು ಬೀದ್ಯಾಗ ಒಗೀತೇನಿ ಅಂದ್ರಲ್ಲ ಸರ್ರ, ಅದರಾಗ ಏನಿತ್ತು ಗೊತ್ತೇನ್ರಿ..."

"ನಾಳೆ ಹೇಳು ಮಾಂತಪ್ಪಣ್ಣ," ಎಂದು ಎದ್ದು ಬಂದೆ.

ಬೆಳಿಗ್ಗೆ ಐದೂವರೆಗೆ ಓಣಿಯ ಹುಡುಗ ಬಂದು ಬಾಗಿಲು ಬಡಿದ. ನಿದ್ದೆಯಲ್ಲೇ ಹೋಗ್ಯಾರ ಎಂದ. ಆ ಟ್ರಂಕಿನಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೌರವ್ವನನ್ನು ಕೇಳಿದೆ. "ಅದ್ ಒಂದ ನನ್ನ ಮುಂದ ಹೇಳಿಲ್ರಿ," ಎಂದಳು.

ಗೊತ್ತು ಮಾಡಿದ ದಿನವನ್ನು ನಾನು ರದ್ದು ಮಾಡಲಿಲ್ಲ. ಭಾಷಣದ ಬದಲು ನುಡಿನಮನ ಎಂದು ಬರೆಸಿದೆ. ಮೈದಾನದಲ್ಲಿ, ಮರಳಿನ ಗುಂಡಿಯ ಪಕ್ಕದಲ್ಲೇ ಶಾಮಿಯಾನ ಹಾಕಿದರು. ಊರಿಗೆ ಊರೇ ಬಂತು. ಹಿಂದಿನ ರಾತ್ರಿ ಯಾರದೋ ದನ ತುಳಿದು ಕೆಡಿಸಿದ್ದ ಗುಂಡಿಯ ಮರಳನ್ನು ಬೆಳಿಗ್ಗೆ ನಾನೇ ಸಮ ಮಾಡಿದ್ದೆ. ಎರಡು ನಿಮಿಷ ಮೌನ ಆಚರಿಸಬೇಕೆಂದು ಹೇಳಿ ಸ್ಟಾಪ್‌ವಾಚು ಒತ್ತಿದೆ. ಎಲ್ಲರೂ ಎದ್ದು ನಿಂತರು. ಅರ್ಧ ನಿಮಿಷ. ಮುಕ್ಕಾಲು. ಅಷ್ಟು ಜನ ಸೇರಿಯೂ ಮಾಂತಪ್ಪಣ್ಣನ ದನಿಯಿಲ್ಲದ ಆ ಮೈದಾನ ಅಪರಿಚಿತವಾಗಿತ್ತು.

"ಸಾಕ ಬಿಡ್ರಿ ಸರ್ರ," ಎಂದಳು ಗೌರವ್ವ ಗಟ್ಟಿಯಾಗಿ. "ಅವ್ರು ಈ ಊರಾಗ ಇಷ್ಟೊತ್ತ ಸುಮ್ನ ಇದ್ದಿದ್ದಿಲ್ಲ."

ಒಂದು ನಿಮಿಷ ಹತ್ತು ಸೆಕೆಂಡಿಗೆ ನಾನು ಮೌನ ಮುಗಿಸಿದೆ. ಕೋಟಿನ ಜೇಬಿನಿಂದ ಭಾಷಣ ತೆಗೆದು, ಕನ್ನಡಕ ಹಾಕಿಕೊಂಡು, ಮೈಕಿನ ಮುಂದೆ ಗಂಟಲು ಸರಿ ಮಾಡಿಕೊಂಡೆ. ಗೌರವ್ವ ಎದ್ದು ಬಂದು ನನ್ನ ಕೈಯಿಂದ ಕಾಗದ ಇಸಿದುಕೊಂಡಳು.

"ನೀವು ಬ್ಯಾಡ್ರಿ ಸರ್ರ, ಸಿಟ್ಟಾಗಬ್ಯಾಡ್ರಿ. ಬ್ಯಾರೇದವರ ದನಿಯಾಗ ಆದ್ರ ಅವ್ರು ಮತ್ತ ಊಟಾ ಬಿಡ್ತಾರ."

ಆಕೆಗೆ ಓದಲು ಬರುವುದಿಲ್ಲ. ಕಾಗದವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಅವನಂತೆ ಎಡಗೈ ಬೆನ್ನ ಹಿಂದೆ ಇಟ್ಟು ನಿಂತಳು.

"ನಮಸ್ಕಾರ," ಎಂದಳು. ಅವನು ಕೆಮ್ಮುತ್ತಿದ್ದಲ್ಲಿ ಕೆಮ್ಮಿದಳು. "ನನಗ ಮಾತು ಬರ್ತಾವು."

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಇಡೀ ಇಳಕಲ್ಲು ನಕ್ಕಿತು. ಕಣ್ಣು ಒರೆಸಿಕೊಳ್ಳುತ್ತ ನೇಕಾರರ ಗುಂಪಿನಿಂದ ಒಬ್ಬ ಮುದುಕ "ಒನ್ಸ್ ಮೋರ್!" ಎಂದು ಕೂಗಿದ. ಗೌರವ್ವ ಅವನ ಕಡೆ ತಿರುಗಿದಳು.

"ಸುಮ್ನ ಕುಂದ್ರೋ ಕಾಕಾ. ಕುದುರಿ ಕಾಲು ಇನ್ನಾ ಮುಂದೈತಿ."